ಇರುವೆ ಗೂಡಿಗೆ ಏನು ತುಂಬಬೇಕು? ಮರಳು, ಜೇಡಿ, ಪ್ಲಾಸ್ಟರ್, ಜೆಲ್: ಆರಿಸುವ ಮುಂಚೆ

ಮನೆಯಲ್ಲಿ ಇರುವೆ ಸಾಕಲು ಹೊರಟವರು ಮೊದಲು ಕೇಳುವುದು, "ಗೂಡಿನೊಳಗೆ ಏನು ತುಂಬಲಿ?" ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ, "ಮಣ್ಣನ್ನು ಎಷ್ಟು ಹೊತ್ತು ಬಿಸಿ ಮಾಡಬೇಕು?" ಮೂರನೆಯದೊಂದು ಪ್ರಶ್ನೆ ಇದೆ. ಅದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನಾನೂ ಕೇಳಿರಲಿಲ್ಲ. ಈ ಮಣ್ಣು ಎಲ್ಲಿಂದ ಬಂತು?

ನನ್ನ ಹತ್ತಿರ ಒಂದು ಗೊದ್ದದ ಗೂಡಿತ್ತು. ಒಂದು ರಾಣಿ, ಸುಮಾರು ನಲವತ್ತು ಕೆಲಸಗಾರ ಇರುವೆಗಳು. ಗಾಜಿನ ಕೊಳವೆಯಲ್ಲಿ ಇಕ್ಕಟ್ಟಾಗಿದೆ ಅಂತ ಎರಡು ಗಾಜುಗಳ ನಡುವೆ ಮಣ್ಣು ತುಂಬಿ ಹೊಸ ಗೂಡು ಮಾಡಿದೆ. ಕುಂಡಕ್ಕೆ ಹಾಕಿ ಮಿಕ್ಕಿದ್ದ ಮಣ್ಣಿನ ಚೀಲ ಕೈಗೆ ಸಿಕ್ಕಿತು. ಓವನ್‌ನಲ್ಲಿ ಅರ್ಧ ಗಂಟೆ ಇಟ್ಟೆ, ಆರಿಸಿದೆ, ಜರಡಿ ಹಿಡಿದೆ. ಎಲ್ಲ ಪುಸ್ತಕದಲ್ಲಿ ಹೇಳಿದ ಹಾಗೆಯೇ. ಮೊದಲ ಸಂಜೆ ಅವು ಉತ್ಸಾಹದಿಂದ ಅಗೆದವು. ಮಾರನೆಯ ಬೆಳಿಗ್ಗೆ ನೋಡಿದರೆ ಮೂರು ಇರುವೆ ಮೇಲೆ ಬಂದು ನಿಂತಿವೆ. ಒಂದು ತನ್ನ ಮೀಸೆಯನ್ನು ಮುಂಗಾಲಿನಿಂದ ಒರೆಸಿಕೊಳ್ಳುತ್ತಿದೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದೆ. ಇನ್ನೊಂದು ಮಗ್ಗುಲಾಗಿ ಬಿದ್ದು ಕಾಲು ಅದುರಿಸುತ್ತಿದೆ. ಮೂರನೆಯ ದಿನ ಗಾಜಿನ ಮೂಲೆಯಲ್ಲಿ ಕಾಲು ಮಡಚಿದ ಹೆಣಗಳ ಗುಡ್ಡೆ. ಐದನೆಯ ದಿನ ರಾಣಿಯೂ ಹೋದಳು. ಆಮೇಲೆ ಚೀಲ ತಿರುಗಿಸಿ ಸಣ್ಣ ಅಕ್ಷರ ಓದಿದೆ. ಬೇರಿಗೆ ಹುಳ ಹತ್ತದಂತೆ ಔಷಧಿ ಸೇರಿಸಿದ ಮಣ್ಣು ಅದು.

ಅವತ್ತಿನಿಂದ ನನ್ನ ಲೆಕ್ಕ ಬದಲಾಯಿತು. ಬಿಸಿ ಮಾಡಿದರೆ ನುಸಿ ಸಾಯುತ್ತದೆ, ಹುಳ ಸಾಯುತ್ತದೆ, ಬೂಷ್ಟು ಸಾಯುತ್ತದೆ. ವಿಷ ಸಾಯುವುದಿಲ್ಲ. ಇಮಿಡಾಕ್ಲೋಪ್ರಿಡ್, ಫಿಪ್ರೋನಿಲ್‌ನಂಥ ಕೀಟನಾಶಕಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಮಣ್ಣನ್ನು ಹದ ಮಾಡುವ ಕಾವಿಗೆ ಅವು ಜಗ್ಗುವುದಿಲ್ಲ. ಅದಕ್ಕೇ ಈ ಬರಹದಲ್ಲಿ ಒಂದೊಂದು ವಸ್ತುವನ್ನು ಹೋಲಿಸುವಾಗಲೂ ಎರಡು ಮಾತು ನೋಡುತ್ತಾ ಹೋಗೋಣ. ಒಂದು, ಇರುವೆಗೆ ಅದರಲ್ಲಿ ಬದುಕಲು ಆಗುತ್ತದೆಯೇ? ಎರಡು, ಅದರ ಹಿಂದಿನ ಕಥೆ ನಿಮಗೆ ಗೊತ್ತಿದೆಯೇ?

ಮಣ್ಣೇ ಬೇಕಾ?

ಇದನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಯಾಕೆಂದರೆ ತುಂಬಾ ಜನ ಬೇಡದ ಹೊತ್ತಿನಲ್ಲಿ ಮಣ್ಣು ತುಂಬುತ್ತಾರೆ.

ಒಂಟಿ ರಾಣಿಗೆ ಮಣ್ಣು ಬೇಡ. ಗಾಜಿನ ಕೊಳವೆ, ಅದರ ತುದಿಯಲ್ಲಿ ನೀರು, ನೀರನ್ನು ತಡೆಯಲು ಹತ್ತಿಯ ಬಿರಡೆ, ಅಷ್ಟೇ. ಅಗೆಯುವ ಶ್ರಮ ಉಳಿಯುತ್ತದೆ. ಅವಳು ಏನು ಮಾಡುತ್ತಿದ್ದಾಳೆ ಅಂತ ನಿಮಗೂ ಕಾಣುತ್ತದೆ. ಇಪ್ಪತ್ತು ಮೂವತ್ತು ಕೆಲಸಗಾರ ಇರುವೆಗಳಾಗುವ ತನಕ ಅದೇ ಸಾಕು. ಚಿಕ್ಕ ಕುಟುಂಬವನ್ನು ದೊಡ್ಡ ಮಣ್ಣಿನ ಗೂಡಿಗೆ ಬಿಟ್ಟರೆ ಒಂದು ಮೂಲೆಯಲ್ಲಿ ಸೇರಿಕೊಳ್ಳುತ್ತವೆ. ಉಳಿದ ಜಾಗವೆಲ್ಲ ಕಸದ ತಿಪ್ಪೆ. ತಿಂಗಳುಗಟ್ಟಲೆ ರಾಣಿಯ ಮುಖವೇ ಕಾಣದು.

ಎಲೆ ಹೊಲಿದು ಮರದ ಮೇಲೆ ಗೂಡು ಕಟ್ಟುವ ಚಗಳಿ ಇರುವೆಗಂತೂ ಮಣ್ಣಿನ ಗೊಡವೆಯೇ ಇಲ್ಲ.

ಆದರೆ ಗೊದ್ದದ ವಿಷಯ ಬೇರೆ. ಅದರ ಮರಿಹುಳು ಕೋಶ ನೇಯುತ್ತದೆ. ರೇಷ್ಮೆಹುಳುವಿನ ಹಾಗೆಯೇ, ಬಾಯಿಂದ ಎಳೆ ತೆಗೆದು ಸುತ್ತಿಕೊಳ್ಳುತ್ತದೆ. ಮೊದಲ ಎಳೆ ಹಿಡಿದುಕೊಳ್ಳಲು ಅದಕ್ಕೊಂದು ಆಸರೆ ಬೇಕು. ನುಣ್ಣನೆಯ ಗಾಜಿನ ಮೇಲೆ ಆಸರೆ ಎಲ್ಲಿದೆ? ಒಮ್ಮೆ ನಾನು ಕೊಳವೆಯ ಬಾಯಲ್ಲಿ ಎರಡು ಚಿಟಿಕೆ ಮರಳು ಸುರಿದು ನೋಡುತ್ತಾ ಕುಳಿತಿದ್ದೆ. ಹತ್ತು ನಿಮಿಷ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಒಂದು ಇರುವೆ ಬಂದು ಒಂದೊಂದೇ ಕಾಳನ್ನು ದವಡೆಯಲ್ಲಿ ಎತ್ತಿ ಒಳಗೆ ಒಯ್ದಿತು. ದಪ್ಪನೆಯ ಮರಿಹುಳುವಿನ ಸುತ್ತ ಜೋಡಿಸಿತು. ರಾತ್ರಿಯಾಗುವಷ್ಟರಲ್ಲಿ ಆ ಹುಳು ಕಾಳುಗಳ ಕೆಳಗೆ ಮುಚ್ಚಿಹೋಗಿತ್ತು. ಎರಡು ದಿನದ ಮೇಲೆ ಅದೇ ಇರುವೆಗಳು ಅಗೆದು ಕೋಶವನ್ನು ಹೊರತೆಗೆದು, ಅಂಟಿದ ಕಾಳುಗಳನ್ನು ಕಿತ್ತು ಸ್ವಚ್ಛ ಮಾಡಿದವು. ಅಂದರೆ ಗೊದ್ದಕ್ಕೆ ಗೂಡು ತುಂಬ ಮಣ್ಣು ಬೇಡ, ಚಿಟಿಕೆ ಮರಳು ಬೇಕು. ಪೊನೆರಿನ್ ಗುಂಪಿನ ಬೇಟೆಗಾರ ಇರುವೆಗಳದ್ದೂ ಇದೇ ಕಥೆ. ಅವಕ್ಕೆ ಇನ್ನೂ ಜಾಸ್ತಿ ಬೇಕು, ನೆಲದ ಮೇಲೆ ಒಂದು ಪದರವೇ ಇರಲಿ. ಕಾಳು ಕೂಡಿಡುವ ಮೆಸ್ಸಾರ್, ಪೊಗೊನೊಮಿರ್ಮೆಕ್ಸ್ ಜಾತಿಗಳು ಕೋಶ ನೇಯುವುದಿಲ್ಲ. ಅವುಗಳ ಗೊಂಬೆಹುಳುಗಳು, ಅಂದರೆ ಮರಿಹುಳು ಇರುವೆಯಾಗುವ ಮುಂಚಿನ ಹಂತ, ಬರಿಮೈಯವು. ಆದರೆ ಅವು ಹುಟ್ಟಾ ಅಗೆತಗಾರರು, ಮಣ್ಣು ಸಿಕ್ಕರೆ ಖುಷಿ.

ಹಾಗಾಗಿ ನನ್ನ ಮಟ್ಟಿಗೆ ಮೊದಲ ಆಯ್ಕೆ ಮರಳೋ ಜೇಡಿಯೋ ಅನ್ನುವುದಲ್ಲ. ಅಗೆಯುವುದನ್ನು ನೋಡಬೇಕೋ, ಕುಟುಂಬ ಬೆಳೆಯುವುದನ್ನು ನೋಡಬೇಕೋ? ಅಗೆತ ನೋಡಬೇಕಾದರೆ ಮಣ್ಣು ತುಂಬಿ. ಕುಟುಂಬ ನೋಡಬೇಕಾದರೆ ಕೋಣೆ ಕೊರೆದ ಗಟ್ಟಿ ಗೂಡು ಮಾಡಿ, ಒಳಗೆ ಒಂದಿಷ್ಟು ಮರಳು ಉದುರಿಸಿ. ಎರಡೂ ಬೇಕು ಅಂದರೆ ಎರಡು ಗೂಡು ಬೇಕು, ಅಷ್ಟೇ.

ಈ ಚರ್ಚೆ ಹೊಸದೇನೂ ಅಲ್ಲ. ಇಂಗ್ಲೆಂಡಿನ ಜಾನ್ ಲಬಕ್ ಹತ್ತೊಂಬತ್ತನೇ ಶತಮಾನದಲ್ಲೇ ಎರಡು ಗಾಜಿನ ಹಲಗೆಗಳ ನಡುವೆ ತೆಳ್ಳಗೆ ಮಣ್ಣು ತುಂಬಿ ಇರುವೆ ಸಾಕಿದ. ಅವನ ಹತ್ತಿರವಿದ್ದ ಒಂದು ರಾಣಿ ಹೆಚ್ಚುಕಡಿಮೆ 15 ವರ್ಷ ಬದುಕಿ 1888ರಲ್ಲಿ ಸತ್ತಿತು. ಫ್ರಾನ್ಸಿನ ಶಾರ್ಲ್ ಜಾನೆ ಪ್ಲಾಸ್ಟರ್ ಅಚ್ಚಿನಲ್ಲಿ ಕೋಣೆಗಳನ್ನು ಮಾಡಿ, ಒಂದು ತುದಿಗೆ ಮಾತ್ರ ನೀರು ಕುಡಿಸುತ್ತಿದ್ದ. 1956ರಲ್ಲಿ ಅಮೆರಿಕದ ಮಿಲ್ಟನ್ ಲೆವಿನ್ ಮಕ್ಕಳಿಗಾಗಿ ಮಾರಾಟಕ್ಕೆ ಬಿಟ್ಟ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮರಳಿತ್ತು. ಈಗಲೂ ನಾವು ಆರಿಸುವುದು ಈ ಮೂವರ ದಾರಿಗಳಲ್ಲೇ.

ಮರಳು ಮತ್ತು ಜೇಡಿ

ಬರೀ ಮರಳು ನೋಡಲು ಚೆಂದ. ಗಾಜಿನ ಹಿಂದೆ ಇರುವೆ ಎದ್ದು ಕಾಣುತ್ತದೆ. ತಿನ್ನುವಂಥದ್ದು ಅದರಲ್ಲಿ ಏನೂ ಇಲ್ಲದ ಕಾರಣ ಬೂಷ್ಟು ಕಡಿಮೆ. ತೊಳೆಯುವುದೂ ಸುಲಭ. ತೊಂದರೆ ಒಂದೇ, ಅದು ನಿಲ್ಲುವುದು ನೀರಿನ ಬಲದಿಂದ ಮಾತ್ರ. ಮಕ್ಕಳು ಮರಳಿನಲ್ಲಿ ಗುಬ್ಬಿಗೂಡು ಮಾಡಿದಾಗ ಆಗುವುದೇ ಇಲ್ಲೂ ಆಗುತ್ತದೆ. ಹಸಿ ಇರುವಾಗ ಕಾಳಿಗೆ ಕಾಳು ಅಂಟಿಕೊಂಡು ನಿಂತಿರುತ್ತದೆ. ಒಣಗಿತೋ, ಜರ್ರನೆ ಕುಸಿಯುತ್ತದೆ. ಒಳಗೆ ರಾಣಿಯೂ ಮೊಟ್ಟೆಯೂ ಇರುವ ಕೋಣೆಯ ಚಾವಣಿ ಕುಸಿದರೆ ಇರುವೆಗಳು ಅಗೆದು ಹೊರಬರುವುದುಂಟು, ಬಾರದೆ ಇರುವುದೂ ಉಂಟು.

ಬರೀ ಜೇಡಿಮಣ್ಣಿನದು ಇದಕ್ಕೆ ತದ್ವಿರುದ್ಧ. ಹಸಿ ಇದ್ದರೆ ಅಂಟು, ಒಣಗಿದರೆ ಕಲ್ಲು. ಒಣಗುವಾಗ ಕುಗ್ಗಿ ಗಾಜಿನಿಂದ ಬಿಟ್ಟುಕೊಳ್ಳುತ್ತದೆ, ನಡುವೆ ಬಿರುಕು ಬಿಡುತ್ತದೆ. ಇರುವೆಗಳು ಅಗೆಯುವ ಬದಲು ಆ ಬಿರುಕಿನಲ್ಲೇ ಸಂಸಾರ ಹೂಡುತ್ತವೆ. ಸಣ್ಣ ಜಾತಿಯ ಇರುವೆಗಳಿಗೆ ಒಣ ಜೇಡಿಯನ್ನು ಕೆರೆಯಲೂ ಆಗದು.

ಎರಡನ್ನೂ ಬೆರೆಸಿದರೆ ಮಾತ್ರ ಮಜಾ. ನಾಲ್ಕು ಪಾಲು ಮರಳು, ಒಂದು ಪಾಲು ಜೇಡಿ, ಇದು ನನ್ನ ಮಾಮೂಲಿ ಅಳತೆ. ಒಣಗಿದ ಜೇಡಿಯನ್ನು ಕುಟ್ಟಿ ಹಿಟ್ಟು ಮಾಡಿ, ಒಣ ಮರಳಿನ ಜೊತೆ ಚೆನ್ನಾಗಿ ಕಲಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ. ಜೇಡಿಯು ಮರಳಿನ ಕಾಳುಗಳ ನಡುವೆ ಗಾರೆಯ ಹಾಗೆ ಕೂರುತ್ತದೆ. ಹಸಿ ಇರುವಾಗ ಇರುವೆ ಸಲೀಸಾಗಿ ಅಗೆಯುತ್ತದೆ. ಒಣಗಿದ ಮೇಲೂ ಓಣಿ ಹಾಗೇ ನಿಲ್ಲುತ್ತದೆ. ಸಣ್ಣ ಇರುವೆಗಳಾದರೆ ಜೇಡಿ ಕಡಿಮೆ ಮಾಡಿ, ಮರಳನ್ನು ಸಣ್ಣ ಜರಡಿಯಲ್ಲಿ ಹಿಡಿಯಿರಿ. ಕಾಳು ಇರುವೆಯ ತಲೆಗಿಂತ ದೊಡ್ಡದಿದ್ದರೆ ಅದಕ್ಕೆ ಅದು ಬಂಡೆ.

ಹದ ನೋಡುವುದು ಕೈಯಲ್ಲೇ. ಒಂದು ಹಿಡಿ ತೆಗೆದು ಬಿಗಿಯಾಗಿ ಅಮುಕಿ. ಬೆರಳ ಸಂದಿಯಿಂದ ನೀರು ಬಂದರೆ ಜಾಸ್ತಿಯಾಯಿತು. ಮುಷ್ಟಿ ಬಿಚ್ಚಿದ ತಕ್ಷಣ ಉದುರಿದರೆ ಸಾಲದು. ಉಂಡೆ ನಿಂತು, ಬೆರಳಿಂದ ತಿವಿದಾಗ ಮುರಿದು ಬಿದ್ದರೆ ಸರಿ.

ಹೊಲ, ಹಿತ್ತಲಿನ ಮಣ್ಣು ತರುವುದಾದರೆ ಅದರಲ್ಲಿ ಮರಳೆಷ್ಟು ಜೇಡಿಯೆಷ್ಟು ಅಂತ ತಿಳಿಯಲು ಒಂದು ಹಳೇ ಉಪಾಯವಿದೆ. ಗಾಜಿನ ಜಾಡಿಯಲ್ಲಿ ಮೂರನೇ ಒಂದು ಪಾಲು ಮಣ್ಣು ಹಾಕಿ, ನೀರು ತುಂಬಿ, ಮುಚ್ಚಳ ಹಾಕಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ. ನಡುವಿನ ನಯವಾದ ಗೋಡು ಕೆಲವು ಗಂಟೆಗಳಲ್ಲಿ ಕೂರುತ್ತದೆ. ಜೇಡಿ ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ತೆಗೆದುಕೊಳ್ಳುತ್ತದೆ. ಪದರಗಳನ್ನು ಅಳತೆಪಟ್ಟಿ ಹಿಡಿದು ಅಳೆಯಿರಿ. ಮೇಲೆ ತೇಲುವ ಎಲೆಚೂರು, ಬೇರಿನ ಎಳೆ ಇದೆಯಲ್ಲ, ನಾಳೆ ಬೂಷ್ಟು ಹತ್ತುವುದು ಅದಕ್ಕೇ. ಜರಡಿ ಹಿಡಿದು ತೆಗೆಯಿರಿ.

ಈಗ ಇವುಗಳ ಹಿಂದಿನ ಕಥೆ. ಸಮುದ್ರದ ಮರಳಿನಲ್ಲಿ ಉಪ್ಪಿರುತ್ತದೆ. ನಾಲ್ಕಾರು ನೀರಿನಲ್ಲಿ ತೊಳೆಯದೆ ಬಳಸಬೇಡಿ. ಬಣ್ಣ ಹಾಕಿದ ಅಲಂಕಾರದ ಮರಳು ಬೇಡವೇ ಬೇಡ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣ ಬಿಡುವುದು ಎಷ್ಟೋ ಸಲ ಕಾಣುತ್ತದೆ. ಮಕ್ಕಳ ಆಟಕ್ಕೆಂದು ತೊಳೆದು ಮಾರುವ ಮರಳು, ಮೀನಿನ ತೊಟ್ಟಿಗೆ ಹಾಕುವ ಬಣ್ಣವಿಲ್ಲದ ಮರಳು, ಇವೆರಡರ ಮೇಲೆ ನನಗೆ ನಂಬಿಕೆ ಜಾಸ್ತಿ. ಜೇಡಿಯಾದರೆ ಮಡಕೆ ಮಾಡುವವರು ಬಳಸುವ, ಏನೂ ಬೆರೆಸದ ಜೇಡಿ ಒಳ್ಳೆಯದು. ಇನ್ನೊಂದು ಮಾತು, ಒಣ ಮರಳನ್ನು ಮುಚ್ಚಿದ ಕೋಣೆಯಲ್ಲಿ ಜರಡಿ ಹಿಡಿಯಬೇಡಿ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಯಲಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು ಮಾಡಿ.

ತೋಟದ ಮಣ್ಣಾದರೆ, ಅಲ್ಲಿ ಯಾವ ಯಾವ ಔಷಧಿ ಬಿದ್ದಿದೆ ಅಂತ ನಿಮಗೆ ಖಚಿತವಾಗಿ ಗೊತ್ತಿರಬೇಕು. ಗೆದ್ದಲಿಗೆ ಹಾಕಿದ್ದು, ಗುಲಾಬಿ ಗಿಡದ ಹೇನಿಗೆ ಹೊಡೆದದ್ದು, ನಾಯಿ ಬೆಕ್ಕಿನ ಉಣ್ಣೆಗೆ ಹಾಕಿದ್ದು, ಎಲ್ಲ ಲೆಕ್ಕಕ್ಕೆ ಬರುತ್ತದೆ. ಗೋಡೆಯ ಬುಡದ ಮಣ್ಣನ್ನು ನಾನು ಮುಟ್ಟುವುದಿಲ್ಲ. ಗೆದ್ದಲಿನ ಔಷಧಿ ಸುರಿಯುವುದೇ ಅಲ್ಲಿ. ಕಾಡು ಇರುವೆಗಳು ಈಗಾಗಲೇ ಗೂಡು ಮಾಡಿಕೊಂಡಿರುವ ಜಾಗದ ಹೊರಗೆ ಸಣ್ಣ ಸಣ್ಣ ಉಂಡೆಯ ಗುಪ್ಪೆ ಇರುತ್ತದೆ ನೋಡಿ, ಅದು ಒಂದು ಒಳ್ಳೆಯ ಗುರುತು. ಅಲ್ಲಿ ಅವು ಬದುಕಿವೆ ಅಂದಮೇಲೆ ಮಣ್ಣಿನಲ್ಲಿ ವಿಷವಿರುವ ಸಂಭವ ಕಡಿಮೆ. ಗೂಡು ಕೆಡಿಸುವುದು ಬೇಡ, ಪಕ್ಕದ ಮಣ್ಣು ತೆಗೆದುಕೊಳ್ಳಿ.

ಕುಂಡದ ಮಣ್ಣು ಅಂತ ಚೀಲದಲ್ಲಿ ಬರುವುದರ ಬಗ್ಗೆ ಹೇಳಿಯಾಯಿತು. ಔಷಧಿ ಇಲ್ಲದಿದ್ದರೂ ಗೊಬ್ಬರದ ಕಾಳು, ಬೇವಿನ ಹಿಂಡಿ, ಕೊಳೆತ ಎಲೆ ಇರುತ್ತವೆ. ಗಿಡಕ್ಕೆ ಅದು ಅಮೃತ. ಇರುವೆ ಗೂಡಿಗೆ ಬೇಡ.

ಕೋಕೋಪೀಟ್, ವರ್ಮಿಕ್ಯುಲೈಟ್, ಪರ್ಲೈಟ್, ಜೆಲ್

ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಅಗ್ಗ, ಹಗುರ, ನೀರನ್ನು ಸ್ಪಂಜಿನ ಹಾಗೆ ಹಿಡಿದಿಡುತ್ತದೆ. ಆದರೆ ಓಣಿ ನಿಲ್ಲುವುದಿಲ್ಲ. ಕಡುಕಂದು ಬಣ್ಣದಲ್ಲಿ ಕಪ್ಪು ಇರುವೆ ಕಾಣುವುದೂ ಇಲ್ಲ. ಕೆಲವು ಇಟ್ಟಿಗೆಗಳಲ್ಲಿ ಉಪ್ಪಿನಂಶವೂ ಇರುತ್ತದೆ, ನೆನೆಸಿ ಎರಡು ಮೂರು ನೀರು ಬಸಿಯಬೇಕು. ಕಾಡಿನ ನೆಲದ ಎಲೆಕಸದಲ್ಲಿ ಬಾಳುವ ಜಾತಿಗಳಿಗೆ ಮರಳು ಜೇಡಿಯ ಜೊತೆ ಸ್ವಲ್ಪ ಬೆರೆಸಬಹುದು. ಮೇವಿನ ಅಂಗಳದಲ್ಲಿ, ಅಂದರೆ ಗೂಡಿನ ಹೊರಗಡೆ ಅವು ತಿಂಡಿ ಹುಡುಕಿಕೊಂಡು ತಿರುಗುವ ಡಬ್ಬಿಯಲ್ಲಿ, ಹಾಸಲು ಅಡ್ಡಿಯಿಲ್ಲ. ಪೂರ್ತಿ ಗೂಡಿಗೆ ಬೇಡ.

ವರ್ಮಿಕ್ಯುಲೈಟ್ ಮತ್ತು ಪರ್ಲೈಟ್, ಅಂದರೆ ಕಾಯಿಸಿ ಉಬ್ಬಿಸಿದ ಹಗುರ ಕಲ್ಲಿನ ಚೂರುಗಳು, ಅಗೆಯಲು ಅಲ್ಲ. ಗೂಡಿನ ತಳದಲ್ಲಿ ನೀರು ಹಿಡಿದಿಡುವ ಪದರವಾಗಿ, ಮೇಲೆ ಒಂದು ಜಾಲರಿ ಹಾಕಿ ಬಳಸಿದರೆ ಉಪಯೋಗ. ಅಟ್ಟದ ಮೇಲೆ ಹಳೇ ವರ್ಮಿಕ್ಯುಲೈಟ್ ಚೀಲ ಸಿಕ್ಕರೆ ತೆರೆಯಬೇಡಿ. ಅಮೆರಿಕದ ಮೊಂಟಾನಾದ ಲಿಬ್ಬಿ ಗಣಿಯದ್ದರಲ್ಲಿ ಆಸ್ಬೆಸ್ಟಾಸ್ ಸೇರಿಕೊಂಡಿತ್ತು. ಆ ಗಣಿ ಮುಚ್ಚಿದ್ದು 1990ರಲ್ಲಿ. ಇನ್ನು ಬಿಳಿ ಪುಡಿ ಎಲ್ಲ ಒಂದೇ ಅಂದುಕೊಂಡು ಡಯಾಟಮೇಶಿಯಸ್ ಅರ್ತ್ ತಂದು ಹಾಕಿಬಿಟ್ಟೀರಿ. ಅದು ಇರುವೆಯ ಮೈಮೇಲಿನ ಮೇಣದ ಪದರ ಕೆಡಿಸಿ, ಒಣಗಿಸಿ ಕೊಲ್ಲುವ ಪುಡಿ. ಇರುವೆ ಓಡಿಸಲು ಮಾರುವುದೇ ಅದನ್ನು.

ಜೆಲ್ ಬಗ್ಗೆ ನನ್ನ ಅಭಿಪ್ರಾಯ ಮುಚ್ಚಿಡುವುದಿಲ್ಲ. ವ್ಯೋಮನೌಕೆಯಲ್ಲಿ ಇರುವೆ ಕಳಿಸಿದ ಪ್ರಯೋಗದ ಹೆಸರು ಹೇಳಿಕೊಂಡು ಮಾರುಕಟ್ಟೆಗೆ ಬಂದ ವಸ್ತು ಅದು. ನೀಲಿ ಬೆಳಕಿನಲ್ಲಿ ಓಣಿಗಳು ಹೊಳೆಯುತ್ತವೆ, ನಿಜ. ಊಟ ನೀರು ಎರಡೂ ಅದರಲ್ಲೇ ಇದೆ ಅನ್ನುತ್ತಾರೆ. ಆದರೆ ಮರಿಹುಳು ಬೆಳೆಯಲು ಪ್ರೋಟೀನ್ ಬೇಕು, ಒಣಗಿದ ಒಂದು ಕೋಣೆ ಬೇಕು, ಗಾಳಿ ಆಡಬೇಕು. ಜೆಲ್ ಒಳಗೆ ಸದಾ ಒದ್ದೆ. ರಾಣಿ ಇಲ್ಲದ ನಾಲ್ಕಾರು ಕೆಲಸಗಾರ ಇರುವೆಗಳನ್ನು ಕೆಲವು ವಾರ ನೋಡಿ ಬಿಡುವುದಕ್ಕೆ ಅದು ಸಾಕು. ಇರುವೆ ಸಾಕುವುದು ಅಂದರೆ ಅದಲ್ಲ ಅಲ್ವಾ?

ಪ್ಲಾಸ್ಟರ್ ಮತ್ತು ಎಎಸಿ ಬ್ಲಾಕ್

ಇವು ಅಗೆಯುವ ಮಣ್ಣಲ್ಲ, ಅಗೆದು ಕೊಟ್ಟ ಮನೆ. ಆದರೂ ಹೋಲಿಕೆಗೆ ಬರಬೇಕು. ಯಾಕೆಂದರೆ ಮಣ್ಣು ಬೇಕು ಅಂತ ಬಂದವರಲ್ಲಿ ಅರ್ಧ ಜನಕ್ಕೆ ನಿಜವಾಗಿ ಬೇಕಾದದ್ದು ಇವೇ.

ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ದೊಡ್ಡ ಗುಣ ಏನು ಅಂದರೆ ಅದರ ಹಿಂದಿನ ಕಥೆ ಚಿಕ್ಕದು. ಜಿಪ್ಸಮ್ ಕಲ್ಲನ್ನು ಸುಟ್ಟು ಮಾಡಿದ ಪುಡಿ. ನುಸಿಯಿಲ್ಲ, ಬೇರಿಲ್ಲ, ಗೊಬ್ಬರವಿಲ್ಲ. ಎರಡು ಲೋಟ ಪುಡಿಗೆ ಒಂದು ಲೋಟ ನೀರು. ನೀರಿಗೆ ಪುಡಿ ಉದುರಿಸಿ, ಪುಡಿಗೆ ನೀರು ಸುರಿಯಬೇಡಿ, ಗಂಟಾಗುತ್ತದೆ. ಗಟ್ಟಿಯಾಗುವಾಗ ಅದು ಬಿಸಿ ಬರುತ್ತದೆ. ಆ ಹೊತ್ತಿನಲ್ಲಿ ಕೈ ಅದ್ದಿ ಕೂರುವುದು ಸುಟ್ಟಗಾಯಕ್ಕೆ ದಾರಿ. ಮಕ್ಕಳ ಜೊತೆ ಮಾಡುವವರು ಇದನ್ನು ಮರೆಯಬೇಡಿ. ಮಿಕ್ಕಿದ್ದನ್ನು ಸಿಂಕಿಗೆ ಸುರಿದರೆ ಪೈಪಿನೊಳಗೆ ಕಲ್ಲಾಗುತ್ತದೆ.

ಆತುರ ಮಾಡುವುದು ಒಣಗಿಸುವಾಗ. ಮುಟ್ಟಿದರೆ ಗಟ್ಟಿಯಾಗಿದೆ, ಇರುವೆ ಬಿಟ್ಟೆ, ವಾರದಲ್ಲಿ ಬೂಷ್ಟು. ಈ ದೂರು ಸಾಮಾನ್ಯ. ನಾನು ಅಡುಗೆಮನೆಯ ತಕ್ಕಡಿ ಬಳಸುತ್ತೇನೆ. ಅಚ್ಚನ್ನು ದಿನಾ ತೂಗಿ ಬರೆದಿಡುತ್ತೇನೆ. ಮೊದಲ ದಿನ ಸರ್ರನೆ ಇಳಿಯುತ್ತದೆ, ಆಮೇಲೆ ನಿಧಾನ. ಮೂರು ದಿನ ಒಂದೇ ತೂಕ ತೋರಿಸಿದರೆ ಒಣಗಿದೆ ಅಂತ ಅರ್ಥ. ದಪ್ಪ ಅಚ್ಚಿಗೆ ಎರಡು ಮೂರು ವಾರವೂ ಹಿಡಿದದ್ದುಂಟು. ಬೇಗ ಆಗಲಿ ಅಂತ ಜೋರಾಗಿ ಕಾಯಿಸಬೇಡಿ, ಪ್ಲಾಸ್ಟರ್ ಮತ್ತೆ ಪುಡಿಪುಡಿಯಾಗುತ್ತದೆ.

ಅದರ ದೌರ್ಬಲ್ಯ ಅಂದರೆ ಮೆತ್ತಗಿರುವುದು. ಸದಾ ನೀರು ಕುಡಿಸಿದ ಕಡೆ ಗಟ್ಟಿ ದವಡೆಯ ಇರುವೆಗಳು ಕೆರೆದು ಸುರಂಗ ಮಾಡುತ್ತವೆ. ಕಾಳು ಕೂಡಿಡುವ ಇರುವೆಗಳು ಹೀಗೆ ಗೋಡೆ ತೂತು ಮಾಡಿ ಹೊರಗೆ ಬಂದ ಕಥೆ ಸಾಕಷ್ಟು ಕೇಳಿದ್ದೇನೆ.

ಗೋಡೆ ಕಟ್ಟುವ ಎಎಸಿ ಬ್ಲಾಕ್, ಅಂದರೆ ಹಗುರವಾದ ಗಾಳಿಗುಳ್ಳೆಯ ಸಿಮೆಂಟ್ ಇಟ್ಟಿಗೆ, ಇದಕ್ಕಿಂತ ಗಟ್ಟಿ. ಸ್ಕ್ರೂಡ್ರೈವರ್‌ನಿಂದಲೇ ಕೋಣೆ ಕೊರೆಯಬಹುದು. ನೀರನ್ನು ಚೆನ್ನಾಗಿ ಹೀರಿ ನಿಧಾನವಾಗಿ ಬಿಡುತ್ತದೆ. ಕೊರೆಯುವಾಗ ಧೂಳು ಏಳದಂತೆ ಒದ್ದೆ ಮಾಡಿ ಕೊರೆಯಿರಿ. ಸಿಮೆಂಟ್, ಸುಣ್ಣ ಇರುವುದರಿಂದ ಹೊಸದರಲ್ಲಿ ಕ್ಷಾರ ಜಾಸ್ತಿ. ಕೆಲವು ದಿನ ನೀರಿನಲ್ಲಿ ಮುಳುಗಿಸಿ, ದಿನಾ ನೀರು ಬದಲಿಸಿ, ಆಮೇಲೆ ಒಣಗಿಸಿ ಬಳಸಿ. ಬಹಳ ದಿನ ಬಾಳುವ ಗೂಡು ಬೇಕು ಅಂದರೆ ನನ್ನ ಓಟು ಇದಕ್ಕೆ. ಒಳಗೆ ಒಂದು ಚಮಚ ತೊಳೆದ ಮರಳು ಹಾಕಿದರೆ ಗೊದ್ದದ ಮರಿಹುಳುಗಳಿಗೂ ಅನುಕೂಲ.

ಬಿಸಿ ಮಾಡುವ ದಾರಿಗಳು

ಮಣ್ಣಿನ ಮೂಲ ಸರಿಯಿದೆ ಅಂತಾದ ಮೇಲೆ ಮಾತ್ರ ಇದು. ಉದ್ದೇಶ ನುಸಿ, ನೆಮಟೋಡ್ ಹುಳ, ಪುಟ್ಟ ಬೇಟೆಗಾರ ಜೀವಿಗಳು ಮತ್ತು ಬೂಷ್ಟಿನ ಬೀಜಗಳನ್ನು ತೆಗೆಯುವುದು. ಕೀಟಗಳ ಮೈಯಲ್ಲೇ ಬೆಳೆದು ಕೊಲ್ಲುವ ಮೆಟಾರೈಜಿಯಂ, ಬ್ಯೂವೇರಿಯಾ ಎಂಬ ಶಿಲೀಂಧ್ರಗಳು ಮಾಮೂಲಿ ಮಣ್ಣಿನಲ್ಲೇ ಇರುತ್ತವೆ. ಕಾಡಿನಲ್ಲಿ ಇರುವೆ ಅವುಗಳಿಂದ ದೂರ ಹೋಗಬಹುದು. ಡಬ್ಬಿಯಲ್ಲಿ ಎಲ್ಲಿಗೆ ಹೋದೀತು?

ಓವನ್: ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ, ತಟ್ಟೆಯಲ್ಲಿ ಹರಡಿ, ಮೇಲೆ ಅಲ್ಯೂಮಿನಿಯಂ ಹಾಳೆ ಮುಚ್ಚಿ. ಓವನ್ ಕಾವಲ್ಲ, ಮಣ್ಣಿನ ನಡುಭಾಗದ ಕಾವು 82 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಅಲ್ಲಿಂದ 30 ನಿಮಿಷ. 93 ದಾಟಿಸಬೇಡಿ. ಎಲೆಗೊಬ್ಬರದ ಅಂಶವಿರುವ ಮಣ್ಣು ಜಾಸ್ತಿ ಕಾದರೆ ಬೇಡದ ವಸ್ತುಗಳನ್ನು ಬಿಡುತ್ತದೆ, ವಾಸನೆಯಂತೂ ಮೂರು ದಿನ ಮನೆ ಬಿಡದು. ಬರೀ ತೊಳೆದ ಮರಳಿಗೆ ಈ ನಾಜೂಕಿಲ್ಲ, ಕುದಿಯುವ ನೀರಿನಲ್ಲಿ ಹಾಕಿ ಬೇಯಿಸಿದರೂ ಆದೀತು.

ಪ್ರೆಶರ್ ಕುಕ್ಕರ್ ನನಗೆ ಹೆಚ್ಚು ಇಷ್ಟ. ಹಬೆ ಎಲ್ಲ ಕಡೆ ನುಗ್ಗುತ್ತದೆ, ಕಾವು 100 ದಾಟುತ್ತದೆ. ಒದ್ದೆ ಮಣ್ಣನ್ನು ಪಾತ್ರೆಯಲ್ಲಿ ಹಾಕಿ, ಸಡಿಲವಾಗಿ ಮುಚ್ಚಿ, ಕೆಳಗೆ ನೀರಿಟ್ಟು ಕಾಲು ಗಂಟೆ. ಹಬೆ ಹೋಗುವ ತೂತಿಗೆ ಮಣ್ಣು ಸಿಕ್ಕದಂತೆ ನೋಡಿಕೊಳ್ಳಿ. ಅಡುಗೆಯ ಕುಕ್ಕರ್ ಬೇಡ, ಹಳೆಯದೊಂದು ಇದಕ್ಕೇ ಇರಲಿ. ಹಳೆಯದು ಅಂದರೆ ಗ್ಯಾಸ್ಕೆಟ್ ಮತ್ತು ಸುರಕ್ಷತೆಯ ವಾಲ್ವ್ ಸರಿ ಇರುವ ಹಳೆಯದು.

ಮೈಕ್ರೋವೇವ್ ಬೇಗ ಮುಗಿಯುತ್ತದೆ. ಒದ್ದೆ ಮಣ್ಣು ಸುಮಾರು ಒಂದು ಕಿಲೋಗೆ ಒಂದೂವರೆ ನಿಮಿಷ. ಆದರೆ ಕೆಲವು ಕಡೆ ಕಾದು ಕೆಲವು ಕಡೆ ತಣ್ಣಗೇ ಉಳಿಯುತ್ತದೆ. ಒಣ ಕೋಕೋಪೀಟ್ ಇಟ್ಟರೆ ಬೆಂಕಿಯೇ ಹತ್ತಬಹುದು. ಲೋಹದ ಚೂರು ಇದ್ದರೆ ಕಿಡಿ.

ಫ್ರೀಜರ್ ಬಗ್ಗೆ ಜಾಸ್ತಿ ಭರವಸೆ ಬೇಡ. ಎಷ್ಟೋ ಜಾತಿಗಳ ಮೊಟ್ಟೆ, ಬೂಷ್ಟಿನ ಬೀಜ ಮೈನಸ್ 18ರಲ್ಲೂ ಸುಮ್ನೆ ಮಲಗಿದ್ದು, ಬಿಸಿಯಾದ ಮೇಲೆ ಏಳುತ್ತವೆ. ಬಿಸಿಲಿಗೆ ಹರಡುವುದೂ ಅಷ್ಟೇ. ಒಣಗುತ್ತದೆ, ಶುದ್ಧವಾಗುವುದಿಲ್ಲ. ಬ್ಲೀಚ್, ಫಿನಾಯಿಲ್ ಹಾಕಿ ತೊಳೆಯುವ ಯೋಚನೆ ಬಂದರೆ ನೀರು ಕುಡಿದು ಮಲಗಿ. ಕಲ್ಲು ಅಲಂಕಾರಕ್ಕೆ ಇಡುವುದಾದರೆ, ಹೊಳೆಯಿಂದ ತಂದ ಒದ್ದೆ ಕಲ್ಲನ್ನು ಓವನ್‌ಗೆ ಹಾಕಬೇಡಿ. ಒಳಗಿನ ನೀರು ಹಬೆಯಾಗಿ ಸಿಡಿಯಬಹುದು.

ಇದೆಲ್ಲ ಮಾಡಿದ ಮೇಲೆ ಒಂದು ವಿಚಿತ್ರ ನಡೆಯುತ್ತದೆ. ಬಿಸಿ ಮಾಡಿದ ಮಣ್ಣಿನಲ್ಲೇ ಮೊದಲ ಎರಡು ವಾರ ಬಿಳಿ ಬೂಷ್ಟು ಜಾಸ್ತಿ. ಕಾರಣ ಸರಳ. ಒಳ್ಳೆಯ ಸೂಕ್ಷ್ಮಜೀವಿಗಳೂ ಸತ್ತಿವೆ. ಗಾಳಿಯಲ್ಲಿ ಬಂದ ಮೊದಲ ಬೀಜಕ್ಕೆ ಖಾಲಿ ಹೊಲ ಸಿಕ್ಕಿದ ಹಾಗೆ. ಅದಕ್ಕೆ ಮದ್ದು ಮುಂದಿದೆ.

ವಿಷ ಇದೆಯೋ ಇಲ್ಲವೋ ಅಂತ ಯಾರನ್ನು ಕೇಳುವುದು

ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ. ಪ್ರಯೋಗಾಲಯಕ್ಕೆ ಕಳಿಸುವುದು ಎಲ್ಲರಿಗೂ ಆಗದು. ಸ್ಪ್ರಿಂಗ್‌ಟೇಲ್ ಅನ್ನುವ ಪುಟ್ಟ ಬಿಳಿ ಜೀವಿಯನ್ನು ಕೇಳಬಹುದು. ಎಳ್ಳಿನ ಕಾಳಿಗಿಂತ ಚಿಕ್ಕದು, ಬೂಷ್ಟು ತಿಂದು ಬದುಕುತ್ತದೆ, ಇರುವೆಯ ತಂಟೆಗೆ ಹೋಗುವುದಿಲ್ಲ. ಫೋಲ್ಸೋಮಿಯಾ ಕ್ಯಾಂಡಿಡಾ ಎಂಬ ಜಾತಿಯನ್ನು ಮಣ್ಣಿನ ವಿಷ ಅಳೆಯಲೆಂದೇ ವಿಜ್ಞಾನಿಗಳು ಬಳಸುತ್ತಾರೆ. ಅದಕ್ಕೆ ಐಎಸ್‌ಒ 11267 ಎಂಬ ಅಂತರರಾಷ್ಟ್ರೀಯ ವಿಧಾನವೇ ಇದೆ. 28 ದಿನ ಮಣ್ಣಿನಲ್ಲಿ ಬಿಟ್ಟು, ಎಷ್ಟು ಬದುಕಿದವು, ಎಷ್ಟು ಮರಿಯಾದವು ಅಂತ ಎಣಿಸುತ್ತಾರೆ.

ಮನೆಯಲ್ಲಿ ನಾನು ಮಾಡುವುದು ಅದರ ಬಡ ರೂಪ. ಬಿಸಿ ಮಾಡಿ ಆರಿದ ಮಣ್ಣನ್ನು ಎರಡು ಬೆರಳು ಎತ್ತರಕ್ಕೆ ಒಂದು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ತೇವ ಮಾಡಿ, ಇಪ್ಪತ್ತು ಸ್ಪ್ರಿಂಗ್‌ಟೇಲ್ ಬಿಡುತ್ತೇನೆ. ಮೇಲೆ ನಾಲ್ಕು ಕಾಳು ಯೀಸ್ಟ್. ನಾಲ್ಕು ವಾರ ಕಾಯುತ್ತೇನೆ. ನಡುವೆ ಒಮ್ಮೊಮ್ಮೆ ಮುಚ್ಚಳ ತೆಗೆದು ಗಾಳಿ ಕೊಡುತ್ತೇನೆ. ಕೊನೆಗೆ ಒಂದು ಮೂಲೆಗೆ ನೀರು ಹಾಕಿದರೆ ಅವು ತೇಲುತ್ತವೆ. ಇಪ್ಪತ್ತು ಇದ್ದದ್ದು ನೂರಾಗಿದ್ದರೆ ಮಣ್ಣು ಪಾಸು. ಒಂದೂ ಕಾಣದಿದ್ದರೆ ಆ ಚೀಲ ನನ್ನ ಮನೆಯ ಇರುವೆಗಳ ಹತ್ತಿರ ಬರುವುದಿಲ್ಲ. ಇದು ಎಲ್ಲ ವಿಷಕ್ಕೂ ಗ್ಯಾರಂಟಿ ಅಲ್ಲ. ಆದರೆ ನನ್ನ ಆ ಗೊದ್ದದ ಗೂಡನ್ನು ಇದು ಖಂಡಿತ ಉಳಿಸುತ್ತಿತ್ತು. ಪಾಸಾದ ಮಣ್ಣನ್ನು ಸ್ಪ್ರಿಂಗ್‌ಟೇಲ್ ಸಮೇತ ಗೂಡಿಗೆ ತುಂಬುತ್ತೇನೆ. ಮೇಲೆ ಹೇಳಿದ ಬೂಷ್ಟಿಗೆ ಅವೇ ಮದ್ದು.

ಅಷ್ಟು ಕಾಯುವ ತಾಳ್ಮೆ ಇಲ್ಲದವರು ಕಡೇಪಕ್ಷ ಇಷ್ಟು ಮಾಡಿ. ಹೊಸ ಮಣ್ಣನ್ನು ಒಂದು ಚಿಕ್ಕ ಬಟ್ಟಲಿನಲ್ಲಿ ನಾಲ್ಕೈದು ಕೆಲಸಗಾರ ಇರುವೆಗಳ ಜೊತೆ ಮಾತ್ರ ಒಂದು ವಾರ ಇಡಿ. ರಾಣಿಯನ್ನು ಆಮೇಲೆ ಬಿಡಿ. ನಾಲ್ಕು ಇರುವೆ ಹೋದರೆ ಕುಟುಂಬ ಉಳಿಯುತ್ತದೆ.

ತುಂಬಿದ ಮೇಲೆ

ಗಾಜುಗಳ ನಡುವೆ ಜಾಗ ಕಡಿಮೆ ಇದ್ದಷ್ಟೂ ಓಣಿಗಳು ಗಾಜಿಗೆ ಅಂಟಿಕೊಂಡು ಕಾಣುತ್ತವೆ. ಗೊದ್ದಕ್ಕೆ 10ರಿಂದ 15 ಮಿಲಿಮೀಟರ್ ಸಾಕು, ಸಣ್ಣ ಇರುವೆಗೆ ಅದರ ಅರ್ಧ. ಮಣ್ಣನ್ನು ಒಮ್ಮೆಗೇ ಸುರಿಯದೆ ಎರಡೆರಡು ಬೆರಳು ಹಾಕಿ, ಕೋಲಿನಿಂದ ಮೆತ್ತಗೆ ಅಮುಕುತ್ತಾ ಬನ್ನಿ. ಪೆನ್ಸಿಲಿನಿಂದ ಒಂದು ತೂತು ಮಾಡಿಕೊಟ್ಟರೆ ಅಲ್ಲಿಂದಲೇ ಶುರು ಮಾಡುತ್ತವೆ.

ನೀರು ಒಂದೇ ಬದಿಗೆ. ಒಂದು ಕಡೆ ಹಸಿ, ಇನ್ನೊಂದು ಕಡೆ ಒಣ. ಜಾನೆ ಮಾಡಿದ್ದೂ ಅದನ್ನೇ. ಮೊಟ್ಟೆಯನ್ನು ಎಲ್ಲಿಡಬೇಕು, ಕೋಶವನ್ನು ಎಲ್ಲಿಡಬೇಕು ಅಂತ ಇರುವೆಗಳೇ ನಿರ್ಧರಿಸುತ್ತವೆ. ದಿನಾ ಹೊತ್ತು ತಿರುಗುತ್ತವೆ. ಕಾಳು ಕೂಡಿಡುವ ಜಾತಿಗೆ ಒಣ ಮೂಲೆ ಇಲ್ಲದಿದ್ದರೆ ಉಗ್ರಾಣದ ಕಾಳೆಲ್ಲ ಮೊಳಕೆ ಒಡೆಯುತ್ತದೆ. ಗಾಜಿನ ಒಳಮೈ ಸದಾ ಬೆವರುತ್ತಿದ್ದರೆ ನೀರು ಕಡಿಮೆ ಮಾಡಿ.

ಕಡೆಗೆ ಗೂಡು ಬದಲಿಸುವ ದಿನ ಬರುತ್ತದೆ. ಹಳೇ ಮಣ್ಣನ್ನು ಹಾಗೇ ತೋಟಕ್ಕೆ ಸುರಿಯಬೇಡಿ. ಅದರಲ್ಲಿ ಒಂದೆರಡು ಇರುವೆ, ಮೊಟ್ಟೆ, ನಿಮ್ಮ ಊರಿನದಲ್ಲದ ನುಸಿ ಉಳಿದಿರಬಹುದು. ಅದೇ ಹಳೇ ಕುಕ್ಕರ್‌ನಲ್ಲಿ ಇನ್ನೊಂದು ಕಾಲು ಗಂಟೆ ಬೇಯಿಸಿ, ಆಮೇಲೆ ಸುರಿಯಿರಿ.